ಅರವತ್ತು ಪದಗಳ ಒಗ್ಗಟ್ಟು

ಏಪ್ರಿಲ್ 4, ಮಂಗಳವಾರ

ಈ ಪುಸ್ತಕ ಕೊಟ್ಟವಳು ಚಿಕಿತ್ಸಾಲಯದ ನರ್ಸ್ ಪ್ಯಾಟ್ಸಿ. ಕಣ್ಣಲ್ಲಿ ಯಾವಾಗ ಯಾವಾಗ ನೀರು ಬರುತ್ತದೆ ಎಂದು ಬರೆದಿಡಬೇಕಂತೆ. "ದಿನಾ ಬರೀಬೇಕು ಅಂತೇನಿಲ್ಲ ಲೈಮನ್ ಮಾವ, ಬಂದಾಗ ಬರೀರಿ ಸಾಕು" ಎಂದಳು. ಮೂವತ್ನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದವನು ನಾನು. ಹಿಂದೆ ಕೂತ ಮಕ್ಕಳು ಅತ್ತದ್ದಕ್ಕೂ ಲೆಕ್ಕ ಇಟ್ಟವನಲ್ಲ, ಈಗ ನನ್ನ ಕಣ್ಣಿನ ನೀರಿಗೆ ದಫ್ತರ ಇಡಬೇಕು.

ಇರಲಿ, ಬರೆಯುತ್ತೇನೆ. ಬೆಳಿಗ್ಗೆ ಅಂಗಡಿಯಲ್ಲಿ, ಸೂಪಿಗೆ ಹಾಕುವ ಕೆಂಪು ಕಾಳಿನ ಡಬ್ಬಿಗಳ ಮುಂದೆ ನಿಂತಾಗ, ಎರಡೂ ಕಣ್ಣು. ಅಲ್ಲಿ ನೆಲ ಒರೆಸಲು ಏನೋ ಘಾಟಿನ ದ್ರಾವಣ ಹಾಕುತ್ತಾರೆ. ಮಧ್ಯಾಹ್ನ ತಟ್ಟೆ ತೊಳೆಯುವಾಗ, ಎಡಗಣ್ಣು. ಇದ್ದದ್ದು ಒಂದೇ ತಟ್ಟೆ. ಸೋಪು ಬದಲಾಯಿಸಬೇಕು.

ಇದನ್ನು ಬರೆಯುವ ಹೊತ್ತಿಗೂ ಅಮೋಸ್ ರಸ್ತೆಯಾಚೆ ತನ್ನ ಜಗಲಿಯಲ್ಲಿ ನನ್ನ ಕುರ್ಚಿಯ ಮೇಲೆ ಕೂತಿದ್ದಾನೆ. ಈ ಅನ್ಯಾಯವನ್ನೂ ಬರೆದಿಡುತ್ತೇನೆ, ಪ್ಯಾಟ್ಸಿಗೆ ಬೇಡವಾದರೆ ಹಾರಿಸಿ ಓದಲಿ.

ಅಕ್ಕ ಮಿರ್ಟಲ್ ಹೋದ ಅಕ್ಟೋಬರಿನಲ್ಲಿ ತೀರಿಕೊಂಡಳು. ನಾವಿಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಇದ್ದವರು. ನಮ್ಮದು ಕರಡಿ ಕುಲ. ನಮ್ಮಲ್ಲಿ ಸಾವಾದರೆ ನಾವು ಕಡ್ಡಿ ಎತ್ತಿಡುವಂತಿಲ್ಲ. ಗುಂಡಿ ತೋಡುವುದು, ಅಡುಗೆ ಮಾಡುವುದು, ಆಡಬೇಕಾದ ಮಾತು ಆಡುವುದು, ಎಲ್ಲವೂ, ಊರಿನ ಸಭೆ ವಿಧಿಗಳೆಲ್ಲ ನಡೆಯುವ ಉದ್ದಮನೆಯಲ್ಲಿ ನಮ್ಮೆದುರು ಬದಿಗೆ ಕೂರುವ ಕುಲಗಳ ಕೆಲಸ. ಅವರಲ್ಲಿ ಸಾವಾದಾಗ ನಾವು ಮಾಡುತ್ತೇವೆ. ಆಚೆ ಬದಿಯ ಪರವಾಗಿ ಆ ಮಾತು ಆಡುವ ಮಾತುಗಾರ ಕೊಕ್ಕರೆ ಕುಲದ ಅಮೋಸ್ ಸ್ಕೈ. ಚಿಕ್ಕಂದಿನಿಂದ ನನ್ನ ಜೊತೆ ಲಕ್ರಾಸ್ ಆಡಿದವನು, ನನ್ನ ಎದುರು ಮನೆಯವನು.

ಹತ್ತನೆಯ ದಿನದ ಊಟದಲ್ಲಿ ಸತ್ತವರ ವಸ್ತುಗಳನ್ನು ದುಡಿದವರಿಗೆ ಹಂಚುತ್ತಾರೆ. ಅವಳ ಬಾಣಲೆ ಹೋಯಿತು, ಬುಟ್ಟಿಗಳು ಹೋದವು, ಶಾಲು ಹೋಯಿತು. ಆಮೇಲೆ ಇಬ್ಬರು ಹುಡುಗರು ನನ್ನ ಕುರ್ಚಿಯನ್ನು ಹೊತ್ತು ತಂದರು! ಒರಗಿದರೆ ಕಾಲು ತಾನಾಗಿ ಮೇಲೇಳುವ ಕುರ್ಚಿ, ನಿವೃತ್ತಿಯ ದಿನ ಶಾಲೆಯವರು ನನಗೆ ಕೊಟ್ಟದ್ದು. ಅಮೋಸ್ ಎದ್ದು ನಿಂತು, "ಇದು ಮಿರ್ಟಲ್ ಕೂರುತ್ತಿದ್ದ ಕುರ್ಚಿ" ಎಂದ. ಮಾತುಗಾರನಿಗೂ ಒಂದು ವಸ್ತು ಸಲ್ಲಬೇಕಲ್ಲ, ಅವನ ಕಡೆಯವರು ಅದನ್ನು ಅವನಿಗೇ ಕೊಟ್ಟರು.

"ಲೋ, ಅದು ನಂದು ಕಣೋ!" ಎಂದು ಕೂಗಿದೆ. ಸಾವಿನ ಮನೆಯವರು ಆ ಹೊತ್ತಿನಲ್ಲಿ ಬಾಯಿ ಬಿಡಬಾರದು. ನಲವತ್ತು ಜನ ಸೂಪಿನ ಬಟ್ಟಲು ಹಿಡಿದು ನನ್ನನ್ನೇ ನೋಡಿದರು. ನಾನು ಎದ್ದು ಬಂದುಬಿಟ್ಟೆ. ಕೊನೆಗೆ ಅಮೋಸ್ ನಮಗೆ ಹೇಳಬೇಕಿದ್ದ ಸಾಂತ್ವನದ ಮಾತುಗಳಿಗೂ ನಿಲ್ಲಲಿಲ್ಲ. ಹಾಗೆ ಹಂಚಿದ್ದನ್ನು ಹಿಂದಕ್ಕೆ ಕೊಡುವ ಹಾಗೂ ಇಲ್ಲ, ಕೇಳುವ ಹಾಗೂ ಇಲ್ಲ. ಅಂದಿನಿಂದ ನಮಗೆ ಮಾತಿಲ್ಲ.

ಏಪ್ರಿಲ್ 11, ಮಂಗಳವಾರ

ಗ್ರಂಥಾಲಯಕ್ಕೆ ಹೊಸ ಗೋಡೆ ಬಂದಿದೆಯಂತೆ. ಅದರ ಮೇಲೆ ಫಲಕ ಹಾಕುತ್ತಾರಂತೆ: "ನಮ್ಮ ಐದು ಜನಾಂಗಗಳು ಏಕೆ ಒಂದಾದವು?" ಅರವತ್ತು ಪದ ಮೀರಬಾರದು. ಗ್ರಂಥಾಲಯ ನೋಡಿಕೊಳ್ಳುವವಳು ನಮ್ಮ ಕುಲದ ಹುಡುಗಿ ಡೆಲ್ಫೀನ್. ಫೋನು ಮಾಡಿ ಕರೆಸಿಕೊಂಡಳು.

"ಈಚೆ ಬದಿಯಿಂದ ಒಬ್ಬರು, ಆಚೆ ಬದಿಯಿಂದ ಒಬ್ಬರು ಕೂತು ಒಪ್ಪಬೇಕು ಮಾವ. ಈಚೆಯಿಂದ ನೀವು."

"ಆಚೆಯಿಂದ ಯಾರು?"

"ಬನ್ನಿ, ಒಳಗೆ ಕೂತಿದ್ದಾರೆ" ಎಂದಳು. ಆ ಹುಡುಗಿಗೆ ಅಷ್ಟು ಜಾಣತನ ಯಾರಿಂದ ಬಂತೋ, ಅವಳಮ್ಮನಿಗಂತೂ ಇರಲಿಲ್ಲ.

ಹೊರಟುಬಿಡುತ್ತಿದ್ದೆ. ಆದರೆ ನಾನು ಹೋದರೆ ಅವನೊಬ್ಬನೇ ಬರೆಯುತ್ತಾನೆ, ನೂರು ವರ್ಷ ಅದು ಗೋಡೆಯ ಮೇಲೆ ಇರುತ್ತದೆ. ಕೂತೆ. ಮೇಜಿನ ಆಚೆ ಅವನು, ಈಚೆ ನಾನು, ನಡುವೆ ಡೆಲ್ಫೀನ್.

"ಅವನಿಗೆ ಹೇಳು ಡೆಲ್ಫೀನ್, ಒಂದು ಬಾಣ ಮುರೀಬಹುದು, ಐದು ಬಾಣದ ಕಟ್ಟು ಮುರಿಯೋಕಾಗಲ್ಲ. ಅಷ್ಟೇ ಬರಿ, ಮುಗೀತು."

"ದೊಡ್ಡಪ್ಪ, ಮಾವ ಹೇಳ್ತಿದ್ದಾರೆ, ಐದು ಬಾಣ..."

"ಕೇಳಿಸ್ತಮ್ಮ, ನಾನೇನು ಕಿವುಡನಲ್ಲ" ಎಂದ ಅಮೋಸ್. "ಅವನಿಗೆ ಹೇಳು, ಕಟ್ಟು ಆಮೇಲಿನ ಮಾತು. ಅದಕ್ಕೂ ಮುಂಚೆ ಆ ಬಾಣ ಯಾರ ಮೇಲೆ ಬಿಡ್ತಿದ್ರು ಅಂತ ಕೇಳು. ಒಬ್ಬರ ಮೇಲೊಬ್ಬರು ತಾನೇ? ಯಾಕೆ ಬಿಡ್ತಿದ್ರು?"

"ಏನಂದ?"

ಡೆಲ್ಫೀನ್ ಮತ್ತೆ ಹೇಳಿದಳು. ನನಗೆ ಎರಡು ಮೊಳ ದೂರದಿಂದ ಸರಿಯಾಗಿ ಕೇಳಲಿಲ್ಲ. ನೀರಿನೊಳಗೆ ತಲೆ ಇಟ್ಟ ಹಾಗೆ. ಕಿವಿಯಲ್ಲಿ ಏನೋ ಕಟ್ಟಿಕೊಂಡಿದೆ, ಪ್ಯಾಟ್ಸಿಗೆ ಹೇಳಬೇಕು.

ಏಪ್ರಿಲ್ 13, ಗುರುವಾರ

ಎರಡೂ ಕಿವಿಯಲ್ಲಿ ದೀಪ ಹಾಕಿ ನೋಡಿದರು. ಏನೂ ಇಲ್ಲವಂತೆ. "ಬಸ್ಸಿನ ತೂತಿನ ಹಾಗೆ ಸ್ವಚ್ಛವಾಗಿದೆ" ಎಂದರು ಡಾಕ್ಟರು. ಯಾವ ಬಸ್ಸಿನ ಯಾವ ತೂತು ಸ್ವಚ್ಛವಾಗಿರುತ್ತದೋ ನನಗಂತೂ ಗೊತ್ತಿಲ್ಲ. ಈ ಡಾಕ್ಟರ ಮೇಲೆ ನನಗೆ ನಂಬಿಕೆ ಇಲ್ಲ.

ಏಪ್ರಿಲ್ 18, ಮಂಗಳವಾರ

ನನ್ನ ಕರಡು ತೆಗೆದುಕೊಂಡು ಹೋದೆ. ಐವತ್ತೆಂಟು ಪದ, ಅದರಲ್ಲಿ "ಶಕ್ತಿ" ಒಂಬತ್ತು ಸಲ. ಓದುವಾಗ ನನಗೇ ಮೈ ಜುಮ್ಮೆಂದಿತು.

ಅಮೋಸ್ ಓದಿ ಕನ್ನಡಕ ತೆಗೆದ. "ಇವನಿಗೆ ಹೇಳಮ್ಮ, ಇದು ಟ್ರ್ಯಾಕ್ಟರ್ ಮಾರೋ ಜಾಹೀರಾತು ಇದ್ದ ಹಾಗಿದೆ."

"ಅವನಿಗೆ ಹೇಳು, ಅವನು ಬರ್ದಿರೋದು ತೋರ್ಸಲಿ."

ಅವನು ಹಾಳೆ ಮುಂದೆ ತಳ್ಳಿದ. ಅದರಲ್ಲಿ ಇದ್ದದ್ದು ಇಷ್ಟೇ: "ಅವರಿಗೆ ದುಃಖವಾಗಿತ್ತು." ಆಮೇಲೆ ಹಾಳೆ ಪೂರ್ತಿ ಖಾಲಿ. ನಾನು ಬಿದ್ದು ಬಿದ್ದು ನಕ್ಕೆ. ಮೊಹಾಕ್, ಒನೈಡ, ಒನಂಡಾಗ, ಕಯೂಗ, ಸೆನೆಕ, ನಮ್ಮ ಈ ಐದು ಜನಾಂಗಗಳ ಹೆಸರೆತ್ತಿದರೆ ನಾಲ್ಕು ದಿಕ್ಕು ನಡುಗುತ್ತಿತ್ತು, ಅವರಿಗೆ ದುಃಖವಾಗಿತ್ತಂತೆ! ಅವನು ನಗಲಿಲ್ಲ. ಡೆಲ್ಫೀನಳೂ ನಗಲಿಲ್ಲ. ನಾನೊಬ್ಬನೇ ಸ್ವಲ್ಪ ಹೊತ್ತು ನಕ್ಕು ಸುಮ್ಮನಾದೆ.

ಏಪ್ರಿಲ್ 25, ಮಂಗಳವಾರ

ಇವತ್ತು ಅಮೋಸ್ ಡೆಲ್ಫೀನಳಿಗೆ ಕತೆ ಹೇಳಿದ. ನನಗಲ್ಲ, ಅವಳಿಗೆ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಗೊತ್ತಿರುವ ಕತೆಯೇ, ಎಳೆ ಮಗುವಾಗಿದ್ದಾಗಿನಿಂದ ಕೇಳಿದ್ದು. ಆದರೆ ಅವನು ಹೇಳುವ ಶೈಲಿ ಚೆನ್ನಾಗಿದೆ. ಇದನ್ನು ಈ ಪುಸ್ತಕದ ಹೊರಗೆ ಒಪ್ಪಿಕೊಳ್ಳುವುದಿಲ್ಲ.

"ಆ ಕಾಲದಲ್ಲಿ ಒಂದು ಮನೆಯವನು ಸತ್ತರೆ, ಮನೆಯವರು ಅಳ್ತಾ ಕೂರ್ತಿರಲಿಲ್ಲಮ್ಮ. ಕೊಡ್ಲಿ ತಗೊಂಡು ಆಚೆ ಊರಿಗೆ ಹೋಗಿ ಇಬ್ಬರನ್ನ ಕೊಂದು ಬರ್ತಿದ್ರು. ಆಗ ಆ ಊರಲ್ಲೂ ಎರಡು ಮನೇಲಿ ಅಳು. ಅವರು ನಾಲ್ಕು ಜನರನ್ನ ಕೊಲ್ತಿದ್ರು. ಹೀಗೆ. ಎಲ್ಲರೂ ಶೂರರೇ, ಎಲ್ಲರ ಮನೇಲೂ ಹೆಣ."

"ಮತ್ತೆ ಆ ಕಾಲದ ನಾಯಕ ಹಯೆನ್ವಾತ?" ಎಂದಳು ಡೆಲ್ಫೀನ್.

"ಅವನ ಹೆಣ್ಣುಮಕ್ಕಳೆಲ್ಲ ತೀರಿಹೋದ್ರು. ಊರು ಬಿಟ್ಟು ಕಾಡಿಗೆ ಹೋದ. ಅಲ್ಲಿ ಕೂತು ಚಿಪ್ಪು ಪೋಣಿಸಿ ಸರ ಮಾಡ್ದ. ನನ್ನ ಹಾಗೆ ದುಃಖದಲ್ಲಿರೋನು ಸಿಕ್ಕಿದ್ರೆ ಈ ಸರ ಹಿಡ್ಕೊಂಡು ಇಂಥಾ ಮಾತು ಹೇಳ್ತಿದ್ದೆ, ಕಣ್ಣೊರೆಸ್ತಿದ್ದೆ ಅಂತ ತನ್ನಷ್ಟಕ್ಕೆ ತಾನೇ ಹೇಳ್ಕೊಂಡ. ದಿನಾ ಹೇಳ್ಕೊಂಡ. ಏನೂ ಆಗ್ಲಿಲ್ಲ. ಮಾತೆಲ್ಲ ಬಾಯಿಪಾಠ ಇತ್ತು, ಆದ್ರೂ ಆಗ್ಲಿಲ್ಲ."

"ಯಾಕೆ?"

"ತನಗೆ ತಾನೇ ಹೇಳ್ಕೊಂಡ್ರೆ ಆಗಲ್ಲಮ್ಮ. ಕೊನೆಗೆ ಆ ಇನ್ನೊಬ್ಬ ಬಂದ. ಅವನ ಕೈಯಿಂದ್ಲೇ ಸರ ತಗೊಂಡು, ಅವನ ಮಾತನ್ನೇ ಅವನಿಗೆ ಹೇಳ್ದ. ಆಗ ಎದ್ದ. ಆಮೇಲೆ ತಾನೇ ಇಬ್ಬರೂ ಊರೂರು ಸುತ್ತಿ ಐದೂ ಜನಾಂಗ ಸೇರ್ಸಿದ್ದು."

ಆ ಇನ್ನೊಬ್ಬ ಎಂದರೆ ಶಾಂತಿ ತಂದವನು. ಅವನ ಹೆಸರನ್ನು ನಾವು ಸುಮ್ಮಸುಮ್ಮನೆ ಹೇಳುವುದಿಲ್ಲ. ಫಲಕದಲ್ಲಿ ಹೆಸರಿಲ್ಲದೆ ಅವನನ್ನು ಗುರುತಿಸುವುದಕ್ಕೇ ಎಂಟು ಪದ ಖರ್ಚಾಗುತ್ತದೆ ಎಂದು ನಾನು ಗೋಡೆಗೆ ಹೇಳಿದೆ.

ಕಣ್ಣು: ಎರಡೂ, ಗ್ರಂಥಾಲಯದಲ್ಲಿ. ಹಳೆ ಪುಸ್ತಕದ ಧೂಳು.

ಮೇ 2, ಮಂಗಳವಾರ

ಈಗ ಗಂಟಲು. ಡೆಲ್ಫೀನ್ ಮೆಕ್ಕೆಜೋಳದ ಸೂಪು ಮಾಡಿ ತಂದಿದ್ದಳು. ಬೂದಿ ನೀರಿನಲ್ಲಿ ಜೋಳ ತೊಳೆದು, ಉಪ್ಪು ಹಾಕಿದ ಹಂದಿ ಮಾಂಸ ಹಾಕಿ, ಮಿರ್ಟಲ್ ಹೇಳಿಕೊಟ್ಟ ಹಾಗೇ. ಒಂದು ಚಮಚ ಬಾಯಿಗಿಟ್ಟೆ, ಕೆಳಗಿಳಿಯಲಿಲ್ಲ. ಗಂಟಲಲ್ಲಿ ಕೀಲು ಜಡಿದ ಹಾಗೆ. ಬಟ್ಟಲು ತಳ್ಳಿ, "ಉಪ್ಪು ಜಾಸ್ತಿ" ಎಂದುಬಿಟ್ಟೆ. ಪಾಪ, ಉಪ್ಪು ಸರಿಯಾಗೇ ಇತ್ತು.

ಅಮೋಸ್ ತನ್ನ ಬಟ್ಟಲು ಖಾಲಿ ಮಾಡಲಿಲ್ಲ. ಅವನಿಗೂ ಉಪ್ಪು ಜಾಸ್ತಿಯಾಯಿತೋ ಏನೋ.

ಮೇ 4, ಗುರುವಾರ

ಗಂಟಲಿಗೆ ಕೊಳವೆ ಹಾಕಿ ನೋಡಿದರು. ಏನೂ ಇಲ್ಲ. ಮುಂದೆ ಮೂಗು ಇರಬಹುದೆಂದು ಪ್ಯಾಟ್ಸಿ ನಕ್ಕಳು. ಸರ್ಕಾರದ ಸಂಬಳ ತಿಂದು ನಗುತ್ತಾಳೆ.

ಮೇ 12, ಶುಕ್ರವಾರ

ಮಳೆ. ಕಿಟಕಿಯಿಂದ ನೋಡಿದರೆ ಅಮೋಸ್ ಕುರ್ಚಿಯನ್ನು ಕಂಬಳಿಯಿಂದ ಮುಚ್ಚುತ್ತಿದ್ದ. ಅಂಚುಗಳನ್ನೆಲ್ಲ ಒಳಗೆ ಸೇರಿಸಿ, ಕೂಸನ್ನು ಮಲಗಿಸುವ ಹಾಗೆ. ಕೂತಾಗಲೂ ಆ ಮನುಷ್ಯ ಒರಗುವುದೇ ಇಲ್ಲ. ಕಾಲು ಮೇಲೇಳುವ ಕುರ್ಚಿಯಲ್ಲಿ ತುದಿಗೆ ಕೂತು, ಅದರ ತೋಳನ್ನು ನೇವರಿಸುತ್ತಾನೆ. ನನಗೆ ತೋರಿಸಲಿಕ್ಕೇ ಮಾಡುವುದು. ಇಷ್ಟು ಹೊಟ್ಟೆ ಉರಿಸುವ ಕಲೆ ಅವನಿಗೆ ಮೊದಲು ಇರಲಿಲ್ಲ.

ಮೇ 16, ಮಂಗಳವಾರ

ಮಿರ್ಟಲ್ ಹುಟ್ಟಿದ ದಿನ. ಗ್ರಂಥಾಲಯಕ್ಕೆ ಹೋಗಲಿಲ್ಲ. ಅವನೂ ಹೋಗಲಿಲ್ಲವಂತೆ, ಡೆಲ್ಫೀನ್ ಫೋನಿನಲ್ಲಿ ಇಬ್ಬರನ್ನೂ ಬೈದಳು.

ಕಣ್ಣು: ಬೆಳಗಿನಿಂದ. ಹೂವಿನ ಪರಾಗ.

ಮೇ 23, ಮಂಗಳವಾರ

ಈ ಪುಸ್ತಕವನ್ನು ಪ್ಯಾಟ್ಸಿ ಇವತ್ತು ಓದಿದಳು. ನನ್ನೆದುರೇ, ಮೊದಲ ಹಾಳೆಯಿಂದ. ಕುರ್ಚಿಯ ಭಾಗ ಹಾರಿಸು ಎಂದರೂ ಕೇಳಲಿಲ್ಲ. ಮುಗಿಸಿ ಪುಸ್ತಕ ಮುಚ್ಚಿದಳು.

"ಲೈಮನ್ ಮಾವ, ಕಣ್ಣು ಸರಿಯಿದೆ, ಕಿವಿ ಸರಿಯಿದೆ, ಗಂಟಲು ಸರಿಯಿದೆ. ಮೂರೂ ಸರಿಯಿದ್ದು ಮೂರೂ ಕೆಟ್ಟಿದ್ರೆ ಅದಕ್ಕೆ ಏನಂತಾರೆ, ನಮ್ಮಲ್ಲಿ?"

"ಅದನ್ನ ತಿಳಿಸೋಕೆ ನಿಂಗೆ ಸಂಬಳ ಕೊಡೋದು."

"ನನ್ನ ಹತ್ರ ಇದಕ್ಕೆ ಔಷಧಿ ಇಲ್ಲ. ರಸ್ತೆ ದಾಟಬೇಕು ನೀವು."

ಪಟ್ಟಣದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡು ಎಂದೆ. ಆ ಆಸ್ಪತ್ರೆಯೂ ರಸ್ತೆ ದಾಟಿಯೇ ಇರುವುದು. ಅವಳು ತಲೆ ಹಿಡಿದುಕೊಂಡಳು.

ಜೂನ್ 6, ಮಂಗಳವಾರ

ಫಲಕ ಬರೆಯುವವನು ಮುಂದಿನ ವಾರ ಬರುತ್ತಾನೆ. ನಮ್ಮ ಹತ್ತಿರ ಇರುವುದು ನನ್ನ ಒಂಬತ್ತು "ಶಕ್ತಿ", ಅವನ ಒಂದು "ದುಃಖ". ಡೆಲ್ಫೀನ್ ಮೇಜು ಕುಟ್ಟಿದಳು. "ಐದು ಜನಾಂಗ ಒಂದಾಗೋಕೂ ಇಷ್ಟು ದಿನ ಹಿಡೀಲಿಲ್ಲ ಕಣ್ರೀ!" ನಾನು ಅಮೋಸನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇಬ್ಬರಿಗೂ ನಗು ಬಂತು. ತಕ್ಷಣ ಸರಿ ಮಾಡಿಕೊಂಡೆವು.

ಜೂನ್ 14, ಬುಧವಾರ

ಫಲಕದ ಕೆಲಸ ಮುಗಿಯಿತು. ಹನ್ನೆರಡೇ ಪದ: "ಸತ್ತವರಿಗಾಗಿ ಅಳುತ್ತಿದ್ದವರು ಕೊಲ್ಲಲು ಹೊರಡುತ್ತಿದ್ದರು. ಅವರ ಕಣ್ಣೊರೆಸಲು ಆಚೆ ಬದಿಯಲ್ಲಿ ಯಾರಾದರೂ ಇರಬೇಕಿತ್ತು. ಅದಕ್ಕೇ ಒಂದಾದರು." ಡೆಲ್ಫೀನ್ ಎಣಿಸಿ, "ಇನ್ನು ನಲವತ್ತೆಂಟು ಪದ?" ಎಂದಳು. ಜಾಗ ಖಾಲಿ ಬಿಡು ಎಂದೆ. ಹೇಗಾಯಿತೆಂದು ಬರೆಯುತ್ತೇನೆ, ಇದು ಪ್ಯಾಟ್ಸಿಗಲ್ಲ.

ನಿನ್ನೆ ಮಧ್ಯಾಹ್ನ ಡೆಲ್ಫೀನ್ ಫೋನು ಮಾಡಿ, "ನಾನು ಇವತ್ತು ಬರಲ್ಲ. ನಡುವೆ ನಾನಿಲ್ಲದೆ ಮುಗಿಸಿ, ಇಲ್ಲಾಂದ್ರೆ ಗೋಡೆ ಮೇಲೆ ಮೀನಿನ ಚಿತ್ರ ಹಾಕಿಸ್ತೀನಿ" ಎಂದು ಇಟ್ಟುಬಿಟ್ಟಳು. ಮೀನಿಗಿಂತ ಅಮೋಸ್ ವಾಸಿ ಎಂದುಕೊಂಡು ಹಾಳೆ ಹಿಡಿದು ರಸ್ತೆ ದಾಟಿದೆ. ಎಂಟು ತಿಂಗಳಾಗಿತ್ತು ದಾಟಿ. ಇಪ್ಪತ್ತು ಹೆಜ್ಜೆ ಅಷ್ಟೇ.

ಅವನು ಕುರ್ಚಿಯಿಂದ ಎದ್ದ. "ಕೂತ್ಕೊ."

"ನನ್ನ ಕುರ್ಚೀಲಿ ಕೂರೋಕೆ ನಿನ್ನ ಅಪ್ಪಣೆ ಬೇಕೇನೋ?"

"ಬೇಡ. ಕೂತ್ಕೊ."

ಕೂತೆ. ಅವನು ಒಳಗೆ ಹೋಗಿ ಬಂದ. ಕೈಯಲ್ಲಿ ಬಿಳಿ ಚಿಪ್ಪಿನ ಮಣಿಗಳ ಸರ ಇತ್ತು. ಫಲಕದ ವಿಷಯ ಎತ್ತುತ್ತಾನೆಂದು ಹಾಳೆ ಬಿಡಿಸಿದೆ. ಅವನು ನನ್ನೆದುರು ನೆಟ್ಟಗೆ ನಿಂತು, ಉದ್ದಮನೆಯಲ್ಲಿ ನಿಲ್ಲುವ ಹಾಗೇ ನಿಂತು, ನಮ್ಮ ಭಾಷೆಯಲ್ಲಿ ಶುರು ಮಾಡಿಯೇಬಿಟ್ಟ.

ನಿನ್ನ ಕಣ್ಣು ನೀರಿನಿಂದ ಮುಚ್ಚಿಹೋಗಿದೆ, ದಾರಿ ಕಾಣುತ್ತಿಲ್ಲ, ಮೆತ್ತನೆಯ ಚರ್ಮದಿಂದ ಒರೆಸುತ್ತೇವೆ ಎಂದ. ನಿನ್ನ ಕಿವಿ ಕಟ್ಟಿಹೋಗಿದೆ, ಯಾರ ಮಾತೂ ಕೇಳುತ್ತಿಲ್ಲ, ಅದನ್ನು ತೆಗೆಯುತ್ತೇವೆ ಎಂದ. ನಿನ್ನ ಗಂಟಲಲ್ಲಿ ದುಃಖ ಸಿಕ್ಕಿಕೊಂಡಿದೆ, ಅದನ್ನು ತೊಳೆಯುತ್ತೇವೆ, ಇನ್ನು ಉಣ್ಣು, ಮಾತಾಡು ಎಂದ. ನೂರು ಸಲ ಕೇಳಿದ ಮಾತು, ಬೇರೆಯವರಿಗೆ ಹೇಳಿದ್ದನ್ನು. ನಾನು ಮಗುವಿನ ಹಾಗೆ ಅತ್ತೆ. ಮಿರ್ಟಲ್ ಸತ್ತಿದ್ದಾಳೆ. ನನ್ನಕ್ಕ ಸತ್ತಿದ್ದಾಳೆ, ಇನ್ನು ಬರುವುದಿಲ್ಲ. ಈ ಪುಸ್ತಕದಲ್ಲಿ ಇಷ್ಟು ದಿನ ಬೇರೆ ಏನೇನೋ ಬರೆದೆ.

ಕಣ್ಣು: ಎರಡೂ, ಮುಕ್ಕಾಲು ಗಂಟೆ. ಪರಾಗವಲ್ಲ.

ಆಮೇಲೆ ಅವನು ಜಗಲಿಯ ಮೆಟ್ಟಿಲ ಮೇಲೆ ಕೂತ. ಮೂಗೊರೆಸಿಕೊಂಡು ಕೇಳಿದೆ. "ಇಷ್ಟೆಲ್ಲ ಗೊತ್ತಿರೋನು ನನ್ನ ಕುರ್ಚಿ ಯಾಕೋ ಹೊಡ್ಕೊಂಡೆ?"

"ನಿಂದು ಅಂತ ನಂಗೇನ್ ಗೊತ್ತು? ನಾನು ಬಂದಾಗೆಲ್ಲ ಅದರಲ್ಲಿ ಅವಳೇ ಕೂತಿರ್ತಿದ್ಲು."

"ನಾನಿದ್ದಾಗ ಅವಳು ಯಾವತ್ತೂ ಅದರಲ್ಲಿ ಕೂರ್ತಿರಲಿಲ್ಲ. ನೀನು ಯಾವಾಗ ಬರ್ತಿದ್ದೆ?"

ಅವನು ರಸ್ತೆ ನೋಡಿದ. "ಬುಧವಾರ. ನೀನು ಬಿಂಗೊ ಆಡೋಕೆ ಹೋದ್ಮೇಲೆ."

ನಾನು ಬಿಂಗೊ ಶುರು ಮಾಡಿ ಇಪ್ಪತ್ತೆರಡು ವರ್ಷ. ಒಂದು ಬುಧವಾರವೂ ತಪ್ಪಿಸಿದವನಲ್ಲ. ಮಳೆ ಹಿಮ ಏನೇ ಬರಲಿ, ನನ್ನ ಕೋಟು ಕೈಗೆ ಕೊಟ್ಟು, "ಹೊತ್ತಾಯ್ತು ಹೊರಡೋ" ಎಂದು ಅಟ್ಟುತ್ತಿದ್ದವಳು ಮಿರ್ಟಲ್!

"ಮದ್ವೆಗೆ ಕೇಳ್ಲಿಲ್ವೇನೋ ಅವಳನ್ನ?"

"ನಾಲ್ಕು ಸಲ ಕೇಳ್ದೆ. ಲೈಮನ್‌ಗೆ ಮೊಟ್ಟೆ ಬೇಯ್ಸೋಕೂ ಬರಲ್ಲ, ಅವನಿಗೊಂದು ದಾರಿಯಾಗ್ಲಿ, ಆಮೇಲೆ ನೋಡೋಣ ಅಂದ್ಲು. ನಾಲ್ಕು ಸಲಾನೂ ಅದೇ."

ನಾನು ಈಗಲೂ ಮೊಟ್ಟೆ ನೀರಿಗೆ ಹಾಕಿದರೆ ಒಡೆದೇ ಹೋಗುತ್ತದೆ.

ಇವನು ಆಚೆ ಬದಿಯವನು. ಸಾವು ನಮ್ಮದು, ಕೆಲಸ ಅವನದು. ಅವಳಿಗೆ ಗುಂಡಿ ತೋಡಿಸಿದವನು, ಊಟಕ್ಕೆ ಕರೆದವನು, ಹತ್ತು ದಿನ ಎಲ್ಲರ ಮುಂದೆ ಗಂಟಲು ಗಟ್ಟಿ ಮಾಡಿಕೊಂಡು ಮಾತಾಡಿದವನು ಇವನೇ. ಎಲ್ಲರ ಕಣ್ಣೊರೆಸಿದ. ಇವನನ್ನು ಸಾವಿನ ಮನೆಯವನೆಂದು ಯಾರೂ ಎಣಿಸಲೇ ಇಲ್ಲ. ಇವನಿಗೆ ಯಾರೂ ಏನೂ ಹೇಳಲಿಲ್ಲ. ನಾನಂತೂ ನಲವತ್ತು ಜನರ ಮುಂದೆ ಕುರ್ಚಿ ಕಳ್ಳನನ್ನು ಹಿಡಿದವನ ಹಾಗೆ ಕೂಗಿದೆ.

ಕುರ್ಚಿಯಿಂದ ಎದ್ದೆ. "ಇಲ್ಲಿ ಕೂತ್ಕೊ" ಎಂದೆ. "ನಾನ್ಯಾಕೆ?" ಎಂದ. "ಕೂತ್ಕೊಳ್ಳೋ ಅಂದ್ರೆ" ಎಂದೆ. ಕೂತ, ಎಂದಿನ ಹಾಗೆ ತುದಿಯಲ್ಲಿ. ಅವನ ಕೈಯಿಂದ ಸರ ತೆಗೆದುಕೊಂಡೆ. ನಾನು ಮಾತುಗಾರನಲ್ಲ, ಜೀವಮಾನದಲ್ಲಿ ಬಸ್ಸಿನಲ್ಲಿ ಕೂಗಿದ್ದು ಬಿಟ್ಟರೆ ಎಲ್ಲೂ ಎದ್ದು ಮಾತಾಡಿದವನಲ್ಲ. ನಿನ್ನ ಗಂಟಲಲ್ಲಿ ದುಃಖ ಸಿಕ್ಕಿಕೊಂಡಿದೆ ಎಂದು ಶುರು ಮಾಡಿದೆ.

"ಕಣ್ಣು ಮೊದ್ಲು ಕಣೋ, ದಡ್ಡ" ಎಂದ ಅಮೋಸ್. ಅವನ ಗಲ್ಲದ ಮೇಲೆಲ್ಲ ನೀರು ಇಳಿಯುತ್ತಿತ್ತು.

ಸರ ಸರಿಯಾಗಿ ಹಿಡಿದುಕೊಂಡು, ಕಣ್ಣಿನಿಂದ ಶುರು ಮಾಡಿದೆ.